ಚೀಟಿ ಇಲ್ಲದ ಜ್ವರ

ಬೆಳಿಗ್ಗೆ ಏಳುವಾಗಲೇ ತಲೆ ಸಿಡಿಯುತ್ತಿದೆ, ಮೈ ಕಾದಿದೆ. ಒಂದು ದಿನ ಮಲಗಿದರೆ ಇಳಿದುಹೋಗುವ ಜ್ವರ. ಇದಕ್ಕೆ ರಜೆ ಕೇಳುವ ಸರ್ಕಾರಿ ನೌಕರ ವೈದ್ಯರ ಪ್ರಮಾಣಪತ್ರ ತರಬೇಕೇ, ಅವನ ಮಾತೇ ಸಾಕೇ?

ನಮ್ಮ ನಿಯಮಗಳು ಇದಕ್ಕೆ ನೇರ ಉತ್ತರ ಕೊಡುವುದಿಲ್ಲ. ಕೇಂದ್ರ ನೌಕರರ 1972ರ ರಜಾ ನಿಯಮಗಳಂತೆ ವರ್ಷಕ್ಕೆ 20 ದಿನ ಅರ್ಧ ವೇತನ ರಜೆ ಜಮೆಯಾಗುತ್ತದೆ. ವೈದ್ಯರ ಪ್ರಮಾಣಪತ್ರ ಕೊಟ್ಟರೆ ಅದು ಪೂರ್ಣ ಸಂಬಳದ ಪರಿವರ್ತಿತ ರಜೆಯಾಗುತ್ತದೆ. ಆದರೆ ಒಂದು ದಿನಕ್ಕೆ ಎರಡು ದಿನ ಖರ್ಚು. ಹೀಗಾಗಿ ಚೀಟಿ ಇಲ್ಲದ ಜ್ವರ ಸಾಂದರ್ಭಿಕ ರಜೆಯೊಳಗೆ ಅಡಗುತ್ತದೆ. ಮದುವೆ, ಗೃಹಪ್ರವೇಶ, ನೆಗಡಿ ಎಲ್ಲಕ್ಕೂ ಒಂದೇ ಗಂಟು. ಕರ್ನಾಟಕ ಸರ್ಕಾರ 2019ರಲ್ಲಿ ನಾಲ್ಕನೇ ಶನಿವಾರ ರಜೆ ಕೊಟ್ಟು ಈ ಗಂಟನ್ನು 15ರಿಂದ 10 ದಿನಕ್ಕೆ ಇಳಿಸಿತು.

ಬ್ರಿಟನ್ 1982ರಲ್ಲಿ ಬೇರೆ ದಾರಿ ಹಿಡಿಯಿತು. ಏಳು ದಿನದೊಳಗಿನ ಕಾಯಿಲೆಗೆ ನೌಕರನೇ ಬರೆದುಕೊಟ್ಟರೆ ಸಾಕೆಂದಿತು. ಇದರಲ್ಲಿ ಅರ್ಥವಿದೆ. ನಿನ್ನೆಯ ತಲೆನೋವನ್ನು ಇಂದು ಯಾವ ವೈದ್ಯರೂ ಪರೀಕ್ಷಿಸಿ ಹೇಳಲಾರರು. ರೋಗಿ ಹೇಳಿದ್ದನ್ನೇ ಬರೆಯುತ್ತಾರೆ. ಚೀಟಿಗಾಗಿ ಬಂದವರಿಂದ ನಿಜವಾದ ರೋಗಿಗಳ ಸಾಲು ಉದ್ದವಾಗುತ್ತದೆ, ಅಷ್ಟೆ.

ಹಾಗೆಂದು ಲೆಕ್ಕವಿಲ್ಲದ ನಂಬಿಕೆ ಆಡಳಿತಕ್ಕೆ ಒಗ್ಗದು. ಐರ್ಲೆಂಡಿನ ಸರ್ಕಾರಿ ನೌಕರರಿಗೆ ಪ್ರಮಾಣಪತ್ರವಿಲ್ಲದ ಕಾಯಿಲೆ ರಜೆ ವರ್ಷಕ್ಕೆ ಏಳು ದಿನ ಇತ್ತು. ದೇಶ ಆರ್ಥಿಕ ಬಿಕ್ಕಟ್ಟಿನಲ್ಲಿದ್ದ 2012ರಲ್ಲಿ ಅದನ್ನು ಎರಡು ವರ್ಷಕ್ಕೆ ಏಳು ದಿನ ಎಂದು ಬದಲಿಸಲಾಯಿತು. ಒಮ್ಮೆಗೆ ಎರಡು ದಿನ ದಾಟಿದರೆ ಚೀಟಿ ಬೇಕು. ಎರಡು ವರ್ಷವನ್ನು ಜನವರಿಯಿಂದ ಎಣಿಸುವುದಿಲ್ಲ; ರಜೆ ಹಾಕಿದ ದಿನದಿಂದ ಹಿಂದಕ್ಕೆ ಎಣಿಸುತ್ತಾರೆ. ಕ್ಯಾಲೆಂಡರ್ ವರ್ಷದ ಲೆಕ್ಕವಾದರೆ ಡಿಸೆಂಬರ್‌ನಲ್ಲಿ ಉಳಿದ ದಿನಗಳನ್ನು ಮುಗಿಸಿಬಿಡುವ ಆಸೆ ಹುಟ್ಟುತ್ತದೆ. ಹಿಂದಕ್ಕೆ ಎಣಿಸುವ ಲೆಕ್ಕದಲ್ಲಿ ಆ ಆಸೆಗೆ ಎಡೆಯಿಲ್ಲ.

ಬ್ರಿಟನ್ನಿನ ಅನೇಕ ಕಚೇರಿಗಳು ಬಳಸುವ ಬ್ರಾಡ್‌ಫರ್ಡ್ ಸೂತ್ರ ಇನ್ನೊಂದು ಉಪಾಯ. ಗೈರಾದ ಸಲಗಳ ವರ್ಗವನ್ನು ಒಟ್ಟು ದಿನಗಳಿಂದ ಗುಣಿಸಬೇಕು. ಒಮ್ಮೆಲೇ ಹತ್ತು ದಿನ ಮಲಗಿದವನಿಗೆ ಬರುವ ಅಂಕ 10. ಒಂದೊಂದೇ ದಿನ ಹತ್ತು ಸಲ ತಪ್ಪಿಸಿಕೊಂಡವನಿಗೆ 1000. ಸೋಮವಾರದ ಜ್ವರವನ್ನು ಹಿಡಿಯಲು ಇದು ಒಳ್ಳೆಯ ಬಲೆ. ಆದರೆ ಉಬ್ಬಸದವರೂ ಅರೆತಲೆನೋವಿನವರೂ ಅದೇ ಬಲೆಗೆ ಬೀಳುತ್ತಾರೆ. ಅವರ ಕಾಯಿಲೆ ಬರುವುದೇ ಬಿಡಿಬಿಡಿಯಾಗಿ. ಅಂಕಕ್ಕೆ ಹೆದರಿ ಜ್ವರದಲ್ಲೇ ಕಚೇರಿಗೆ ಬಂದವನು ಪಕ್ಕದ ಮೇಜಿಗೂ ಜ್ವರ ಹಂಚುತ್ತಾನೆ. 2020ರ ಕೊರೊನಾ ಕಾಲ ಈ ಪಾಠವನ್ನು ಎಲ್ಲರಿಗೂ ಕಲಿಸಿತು.

ಆದ್ದರಿಂದ ಅಂಕವನ್ನು ತೀರ್ಪೆಂದು ತಿಳಿಯಬಾರದು. ಅದು ವಿಚಾರಿಸಲು ಒಂದು ನೆಪ ಮಾತ್ರ. ರಜೆ ಮುಗಿಸಿ ಬಂದವನನ್ನು ಮೇಲಧಿಕಾರಿ ಕೂರಿಸಿಕೊಂಡು ಮಾತನಾಡಿಸುವ ಪದ್ಧತಿ ಆ ದೇಶಗಳಲ್ಲಿದೆ. ಮತ್ತೆ ಮತ್ತೆ ತಪ್ಪುವ ಸೋಮವಾರದ ಹಿಂದೆ ಸೋಮಾರಿತನ ಇರಬಹುದು. ಕುಡಿತ, ಮನೆಯ ಕಷ್ಟ, ಕಚೇರಿಯಲ್ಲೇ ಯಾರದೋ ಕಿರುಕುಳವೂ ಇರಬಹುದು. ವೈದ್ಯರ ಚೀಟಿಯಲ್ಲಿ ಇವು ಯಾವುವೂ ಕಾಣುವುದಿಲ್ಲ. ಹಾಜರಿ ಪುಸ್ತಕ ಯಾರು ಬರಲಿಲ್ಲ ಎಂದಷ್ಟೇ ಹೇಳುತ್ತದೆ. ಏಕೆ ಬರಲಿಲ್ಲ ಎಂಬುದನ್ನು ಮನುಷ್ಯನೇ ಮನುಷ್ಯನನ್ನು ಕೇಳಿ ತಿಳಿಯಬೇಕು.