ಆಂಟೆನಾ ತಿರುಗಿಸುವ ಮುನ್ನ

ಭಾನುವಾರ ಬೆಳಿಗ್ಗೆ ‘ರಾಮಾಯಣ’ ಶುರುವಾಗುವ ಹೊತ್ತಿಗೆ ಮನೆಯ ಒಬ್ಬರು ಮಾಳಿಗೆಯ ಮೇಲೆ ಇರಲೇಬೇಕಿತ್ತು. ಅವರು ಆಂಟೆನಾದ ಕಂಬ ಹಿಡಿದು ತಿರುಗಿಸುವುದು, ಕಿಟಕಿಯ ಬಳಿ ನಿಂತ ತಮ್ಮ ‘ಬಂತು ಬಂತು, ಅಲ್ಲೇ ಬಿಡಣ್ಣಾ’ ಎಂದು ಕೂಗುವುದು, ಕೈ ಬಿಟ್ಟೊಡನೆ ಚಿತ್ರವೂ ಮಾಯವಾಗುವುದು... 1987-88ರಲ್ಲಿ ಕರ್ನಾಟಕದ ಊರೂರುಗಳ ದೃಶ್ಯವಿದು. ಪರದೆಯ ಮೇಲೆ ‘ಗ್ರೇನ್ಸ್’ ಎಷ್ಟೇ ಇರಲಿ, ರಾಮ ಯಾರು, ಲಕ್ಷ್ಮಣ ಯಾರು ಎಂದು ತಿಳಿದರೆ ಸಾಕಿತ್ತು.

ಕೇಬಲ್ಲು, ಡಿಷ್ಷು ಬಂದ ಮೇಲೆ ಇಲ್ಲಿ ಆ ಕಸರತ್ತು ನಿಂತಿತು. ಆದರೆ ಬ್ರಿಟನ್ನಿನ ಅನೇಕ ಮನೆಗಳಲ್ಲಿ ಅದು ಇಂದಿಗೂ ತಪ್ಪಿಲ್ಲ. ಗೋಪುರಗಳಿಂದ ನೇರವಾಗಿ ಮನೆಯ ಆಂಟೆನಾಕ್ಕೆ ಬರುವ ಡಿಜಿಟಲ್ ಟಿ.ವಿ. ಅಲ್ಲಿ 2002ರ ಅಕ್ಟೋಬರ್ 30ರಂದು ‘ಫ್ರೀವ್ಯೂ’ ಎಂಬ ಹೆಸರು ಪಡೆಯಿತು. ಹಳೆಯ ಅನಲಾಗ್ ಪ್ರಸಾರವನ್ನು 2007ರಲ್ಲಿ ವೈಟ್‌ಹೇವನ್ ಪಟ್ಟಣದಿಂದ ಆರಂಭಿಸಿ ಒಂದೊಂದೇ ಪ್ರದೇಶದಲ್ಲಿ ನಿಲ್ಲಿಸುತ್ತ, 2012ರ ಅಕ್ಟೋಬರ್ 24ರಂದು ಉತ್ತರ ಐರ್ಲೆಂಡಿನಲ್ಲಿ ಪೂರ್ಣವಾಗಿ ಮುಗಿಸಲಾಯಿತು.

ವಾರ್ಷಿಕ ಲೈಸೆನ್ಸ್ ಶುಲ್ಕ ಬಿಟ್ಟರೆ ಇದಕ್ಕೆ ತಿಂಗಳ ಚಂದಾ ಇಲ್ಲ. ಒಂಟಿಯಾಗಿರುವ ವೃದ್ಧರಿಗೆ, ಇಂಟರ್‌ನೆಟ್ ಇಲ್ಲದ ಮನೆಗಳಿಗೆ ಹೊರಜಗತ್ತಿನ ಕಿಟಕಿ ಇದೇ. ಆ ಕಿಟಕಿ ಮುಚ್ಚಿಕೊಂಡಾಗ ‘ಬೂಸ್ಟರ್ ಕೊಳ್ಳಿ, ಹೊಸ ಆಂಟೆನಾ ಹಾಕಿಸಿ’ ಎನ್ನುವವರಿಗೆ ಬರವಿಲ್ಲ. ರೋಗ ತಿಳಿಯದೆ ಮದ್ದು ಕೊಂಡರೆ ಹಣವೂ ದಂಡ, ಚಿತ್ರವೂ ಇಲ್ಲ.

ಪ್ರಪಾತದ ಅಂಚು

ಅನಲಾಗ್ ಚಿತ್ರ ಕೆಡುವುದಿದ್ದರೆ ಮೆಲ್ಲಗೆ ಕೆಡುತ್ತಿತ್ತು. ಡಿಜಿಟಲ್‌ನ ಗುಣವೇ ಬೇರೆ. ಇಲ್ಲಿ ಚಿತ್ರ ಅಂಕಿಗಳಾಗಿ ಬರುತ್ತದೆ, ಜೊತೆಗೆ ತಪ್ಪು ತಿದ್ದಿಕೊಳ್ಳಲು ಹೆಚ್ಚುವರಿ ಅಂಕಿಗಳೂ ಬರುತ್ತವೆ. ಸಂಕೇತ ಸೊರಗುತ್ತ ಬಂದರೂ ಟಿ.ವಿ. ಆ ತಪ್ಪುಗಳನ್ನು ತಿದ್ದಿಕೊಂಡು ಶುಭ್ರ ಚಿತ್ರವನ್ನೇ ತೋರಿಸುತ್ತದೆ. ತಿದ್ದಲಾಗದ ಹಂತ ಮುಟ್ಟಿತೋ, ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ, ಮಾತು ತುಂಡು ತುಂಡಾಗುತ್ತದೆ, ಪರದೆ ಕಪ್ಪಾಗುತ್ತದೆ. ಎಂಜಿನಿಯರುಗಳು ಇದನ್ನು ಪ್ರಪಾತಕ್ಕೆ ಹೋಲಿಸುತ್ತಾರೆ. ಅಂಚಿನವರೆಗೂ ನೆಲ ಸಮತಟ್ಟು, ಮುಂದಿನ ಹೆಜ್ಜೆಗೆ ನೆಲವೇ ಇಲ್ಲ.

ಹಾಗಾಗಿ ನಿನ್ನೆ ಚಿತ್ರ ಚೆನ್ನಾಗಿತ್ತು ಎಂದರೆ ಸಂಕೇತ ಚೆನ್ನಾಗಿತ್ತು ಎಂದು ಅರ್ಥವಲ್ಲ. ಅಂಚಿನಲ್ಲಿರುವ ಮನೆಗೆ ಎದುರಿನ ಮರ ಚಿಗುರಿದರೂ ಸಾಕು, ಆ ಎಲೆಗಳು ಮಳೆಗೆ ತೊಯ್ದರೂ ಸಾಕು. ಸಮಾಧಾನದ ಸಂಗತಿಯೂ ಇದರಲ್ಲೇ ಇದೆ. ಅಂಚಿನಿಂದ ಒಂದು ಹೆಜ್ಜೆ ಹಿಂದೆ ಸರಿದರೆ ಪೂರ್ತಿ ಚಿತ್ರ ಮರಳುತ್ತದೆ. ಅದಕ್ಕೆ ಎಷ್ಟೋ ಸಲ ಸಣ್ಣ ದುರಸ್ತಿಯೇ ಸಾಕು.

ಹುಡುಕಾಟ ಕೆಳಗಿನಿಂದ

ಮೊದಲ ಕೆಲಸಕ್ಕೆ ಕಾಸಿನ ಖರ್ಚಿಲ್ಲ. ಪಕ್ಕದ ಮನೆಯವರನ್ನು ಕೇಳುವುದು. ಅವರ ಚಿತ್ರವೂ ಹೋಗಿದ್ದರೆ ದೋಷ ಗೋಪುರದ್ದು ಇರಬಹುದು, ಇಲ್ಲವೇ ಹವೆಯದು. ಗಾಳಿಯ ಒತ್ತಡ ಹೆಚ್ಚಿ ಹವೆ ನಿಶ್ಚಲವಾದ ದಿನಗಳಲ್ಲಿ ದೂರದ ಗೋಪುರಗಳ ತರಂಗಗಳು ಬಾಗಿ ಬಂದು ಹತ್ತಿರದವುಗಳ ಜೊತೆ ಗುದ್ದಾಡುವುದುಂಟು. ಇದಕ್ಕೆ ಕಾಯುವುದೊಂದೇ ಮದ್ದು. ಗಾಬರಿಯಿಂದ ಚಾನೆಲ್‌ಗಳನ್ನು ಮತ್ತೆ ಹುಡುಕಲು ಹೊರಟರೆ ಸಂಕೇತವಿಲ್ಲದ ಹೊತ್ತಿನಲ್ಲಿ ಹಳೆಯ ಪಟ್ಟಿಯೂ ಅಳಿಸಿಹೋಗುತ್ತದೆ.

ನೆರೆಮನೆಯಲ್ಲಿ ಎಲ್ಲ ಸರಿಯಿದ್ದರೆ ಟಿ.ವಿ.ಯ ಹಿಂಬದಿ ನೋಡಬೇಕು. ಸಡಿಲವಾದ ಪ್ಲಗ್, ಮಡಿಚಿ ಮುರಿದ ತುಂಡು ತಂತಿ ಸಾಮಾನ್ಯ ತಪ್ಪಿತಸ್ಥರು. ಅಗ್ಗದ ತಂತಿಗೆ ಒಳಗಿನ ಲೋಹದ ಹೊದಿಕೆ ತೆಳು. ಫ್ರಿಜ್ ಚಾಲೂ ಆದಾಗಲೆಲ್ಲ ಚಿತ್ರ ಒಡೆದರೆ ಗುಮಾನಿ ಆ ತಂತಿಯ ಮೇಲೆ. ಒಂದೇ ಆಂಟೆನಾದಿಂದ ಎರಡು ಟಿ.ವಿ.ಗೆ ಕವಲು ತೆಗೆದಿದ್ದರೆ ಪ್ರತಿಯೊಂದಕ್ಕೂ ಸಿಗುವುದು ಅರ್ಧಕ್ಕಿಂತ ಕಡಿಮೆ. ಮೇಲಿಂದ ಇಳಿದ ಕೇಬಲ್ ಬಿರುಕು ಬಿಟ್ಟು ಒಳಗೆ ನೀರು ಸೇರಿದ್ದರೆ ಅದನ್ನು ಬದಲಿಸದೆ ಗತಿಯಿಲ್ಲ.

ಬಹುತೇಕ ಟಿ.ವಿ.ಗಳ ಮೆನುವಿನಲ್ಲಿ ಸಂಕೇತದ ಬಲ, ಗುಣಮಟ್ಟ ಎಂಬ ಎರಡು ಅಳತೆಗಳಿರುತ್ತವೆ. ಬಲ ಇದ್ದೂ ಗುಣಮಟ್ಟ ಇಲ್ಲದಿದ್ದರೆ ಕೊರತೆ ಸಂಕೇತದ್ದಲ್ಲ, ಕಲಬೆರಕೆ ಆಗಿದೆ ಎಂದು ತಿಳಿಯಬೇಕು.

ಬೂಸ್ಟರಿನ ಭ್ರಮೆ

ಸಂತೆಯ ಗದ್ದಲದಲ್ಲಿ ಆಡಿದ ಮಾತು ಕೇಳದಿದ್ದರೆ ಅದನ್ನೆಲ್ಲ ಮೈಕಿಗೆ ಹಾಕಿ ಪ್ರಯೋಜನವೇನು? ಮಾತಿನ ಜೊತೆ ಗದ್ದಲವೂ ಜೋರಾಗುತ್ತದೆ. ಟಿ.ವಿ.ಯ ಪಕ್ಕದಲ್ಲಿಡುವ ಬೂಸ್ಟರಿನ ಕಥೆಯೂ ಅದೇ. ಕೇಬಲ್ಲಿನಲ್ಲಿ ಇಳಿಯುತ್ತ ಸೊರಗಿದ ಸಂಕೇತವನ್ನು ಅದು ಗದ್ದಲದ ಸಮೇತ ಎತ್ತಿ ಹಿಡಿಯುತ್ತದೆ. ಬೂಸ್ಟರ್ ಬೇಕೇ ಬೇಕಾದರೆ ಅದರ ಜಾಗ ಮೇಲೆ, ಆಂಟೆನಾದ ಬಳಿ. ಅದಕ್ಕೆ ವಿದ್ಯುತ್ ಹೋಗುವುದು ಮನೆಯೊಳಗಿನ ಪುಟ್ಟ ಪೆಟ್ಟಿಗೆಯಿಂದ. ಗುಡಿಸುವಾಗ ಯಾರೋ ಆ ಸ್ವಿಚ್ ಆರಿಸಿದ್ದಕ್ಕೆ ರಿಪೇರಿಯವರನ್ನು ಕರೆಸಬೇಕಾದೀತು!

ಗೋಪುರದ ಹತ್ತಿರವಿರುವ ಮನೆಗಳಲ್ಲಿ ಸಂಕೇತ ಅತಿಯಾದರೂ ಚಿತ್ರ ಒಡೆಯುತ್ತದೆ. ಅಲ್ಲಿ ಬೂಸ್ಟರ್ ಕಿತ್ತರೆ ಸಾಕು, ಇಲ್ಲವೇ ಸಂಕೇತ ತಗ್ಗಿಸುವ ಅಗ್ಗದ ಬಿಡಿಭಾಗ ಸೇರಿಸಬೇಕು. 694 ಮೆಗಾಹರ್ಟ್ಸ್‌ಗಿಂತ ಮೇಲಿನ ತರಂಗಗಳನ್ನು 2020ರ ಹೊತ್ತಿಗೆ ಟಿ.ವಿ.ಯಿಂದ ಬಿಡಿಸಿ ಮೊಬೈಲ್ ಸೇವೆಗೆ ಕೊಡಲಾಗಿದೆ. ಹಳೆಯ ಬೂಸ್ಟರುಗಳು ಆ ಮೊಬೈಲ್ ತರಂಗಗಳನ್ನೂ ಹಿಗ್ಗಿಸಿ ತೊಂದರೆ ಕೊಡಬಹುದು. ಅದನ್ನು ತಡೆಯಲು ಪುಟ್ಟ ಫಿಲ್ಟರ್ ಉಂಟು.

ಕೊನೆಗೆ ಆಂಟೆನಾ

ಇಷ್ಟಾದ ಮೇಲೆ ಉಳಿಯುವುದು ಮಾಡಿನ ಮೇಲಿನ ಕಡ್ಡಿಗಳು. ಜಪಾನಿನ ಉದಾ ಮತ್ತು ಯಾಗಿ 1926ರಲ್ಲಿ ಜಗತ್ತಿಗೆ ಕೊಟ್ಟ ವಿನ್ಯಾಸವೇ ಇಂದಿಗೂ ಚಿಮಣಿಗಳ ಮೇಲೆ ನಿಂತಿದೆ. ಅದರ ಮೂತಿ ಗೋಪುರದ ಕಡೆಗಿರಬೇಕು. ಬ್ರಿಟನ್ನಿನ ಬಹುಪಾಲು ದೊಡ್ಡ ಗೋಪುರಗಳಿಗೆ ಕಡ್ಡಿಗಳು ಮಲಗಿರಬೇಕು, ಬಹುಪಾಲು ಚಿಕ್ಕ ಮರುಪ್ರಸಾರ ಕೇಂದ್ರಗಳಿಗೆ ಅವು ನಿಂತಿರಬೇಕು. ಇದೊಂದು ತಪ್ಪಿದರೆ ಎಂಥ ದುಬಾರಿ ಆಂಟೆನಾವೂ ಸೋಲುತ್ತದೆ. ನೆರೆಯವರ ಆಂಟೆನಾಗಳನ್ನು ನೋಡಿದರೆ ದಿಕ್ಕೂ ಭಂಗಿಯೂ ತಿಳಿಯುತ್ತವೆ. ಆದರೆ ಇಳಿಜಾರು ಮಾಡಿಗೆ ಏಣಿ ಹಾಕುವುದು ಕಸುಬಿನವರ ಕೆಲಸ. ಧಾರಾವಾಹಿಗಿಂತ ಕೈಕಾಲು ದೊಡ್ಡದು.

2021ರ ಆಗಸ್ಟ್ 10ರಂದು ಉತ್ತರ ಯಾರ್ಕ್‌ಷೈರಿನ ಬಿಲ್ಸ್‌ಡೇಲ್‌ನಲ್ಲಿ ಸುಮಾರು 315 ಮೀಟರ್ ಎತ್ತರದ ಪ್ರಸಾರ ಗೋಪುರಕ್ಕೆ ಬೆಂಕಿ ಬಿತ್ತು. ಲಕ್ಷಾಂತರ ಮನೆಗಳ ಪರದೆಗಳು ಕಪ್ಪಾದವು. ತಾತ್ಕಾಲಿಕ ಗೋಪುರ ಏಳುವವರೆಗೆ ವಾರಗಟ್ಟಲೆ ಕಾಯಬೇಕಾಯಿತು. ಅನೇಕರು ಆಂಟೆನಾವನ್ನು ಬೇರೊಂದು ಗೋಪುರದತ್ತ ತಿರುಗಿಸಿಕೊಳ್ಳಬೇಕಾಯಿತು. ಅಂಥ ದಿನ ಬೂಸ್ಟರ್ ಕೊಂಡರೆ ಏನೂ ಸಿಗುತ್ತಿರಲಿಲ್ಲ. ಬೇಲಿಯಾಚೆಗೆ ‘ನಿಮ್ಮಲ್ಲಿ ಬರುತ್ತಿದೆಯೇ?’ ಎಂದು ಕೇಳಿದ್ದರೆ ಅರ್ಧ ಉತ್ತರ ಅಲ್ಲೇ ಸಿಗುತ್ತಿತ್ತು.

ಮಾಳಿಗೆಯಿಂದ ಅಣ್ಣ ಕೂಗುತ್ತಿದ್ದ ‘ಬಂತೇನೋ?’ ಎಂಬ ಪ್ರಶ್ನೆಯೂ ಅದೇ ತಾನೇ!