ಪ್ರೌಢಶಾಲೆಯಲ್ಲಿ ಸಾಹಿತ್ಯ: ಪಾಠವನ್ನು ರೂಪಿಸುವುದು ಪಠ್ಯವೋ, ಪರೀಕ್ಷೆಯೋ?

ಪ್ರೌಢಶಾಲೆಯ ವಿದ್ಯಾರ್ಥಿ ಕಥೆ, ಕವಿತೆಗಳನ್ನು ಏಕೆ ಓದಬೇಕು? ಭಾಷಾ ಪ್ರೌಢಿಮೆ, ರಸಾಸ್ವಾದನೆ, ಸ್ವತಂತ್ರ ವಿಚಾರಶಕ್ತಿ ಎಂಬ ಉತ್ತರ ಬಹುತೇಕ ಎಲ್ಲೆಡೆ ಕೇಳಿಬರುತ್ತದೆ. ಆದರೆ ತರಗತಿಯ ಪಾಠವನ್ನು ನಿಜವಾಗಿ ರೂಪಿಸುವುದು ಈ ಆಶಯಗಳಿಗಿಂತ ಮಿಗಿಲಾಗಿ ಎರಡು ಸಂಗತಿಗಳು: ಕೃತಿಯನ್ನು ಆರಿಸುವವರು ಯಾರು ಮತ್ತು ಪರೀಕ್ಷೆಯಲ್ಲಿ ಕೇಳುವುದೇನು. ಯುರೋಪಿನ ಮೂರು ದೇಶಗಳ ಕ್ರಮವನ್ನು ನಮ್ಮ ಎಸ್ಸೆಸ್ಸೆಲ್ಸಿಯೊಂದಿಗೆ ಹೋಲಿಸಿದಾಗ ಈ ಅಂಶ ಸ್ಪಷ್ಟವಾಗುತ್ತದೆ.

ಫ್ರಾನ್ಸ್: ಪರೀಕ್ಷಕರ ಎದುರು ವಾಚನ

ಫ್ರಾನ್ಸಿನಲ್ಲಿ ನಮ್ಮ ಪ್ರಥಮ ಪಿಯುಸಿಗೆ ಸಮನಾದ ತರಗತಿಯ ಕೊನೆಯಲ್ಲಿ ಫ್ರೆಂಚ್ ಭಾಷೆಯ ಬಾಕಲೋರಿಯಾ ಪರೀಕ್ಷೆ ನಡೆಯುತ್ತದೆ. 2019ರಲ್ಲಿ ಜಾರಿಗೆ ಬಂದ ಸುಧಾರಣೆಯಂತೆ ಕಾವ್ಯ, ನಾಟಕ, ಕಾದಂಬರಿ ಮತ್ತು ವೈಚಾರಿಕ ಸಾಹಿತ್ಯ ಎಂಬ ನಾಲ್ಕು ಪ್ರಕಾರಗಳಲ್ಲಿ ತಲಾ ಮೂರರಂತೆ 12 ಕೃತಿಗಳ ರಾಷ್ಟ್ರೀಯ ಪಟ್ಟಿ ಸಿದ್ಧವಾಗುತ್ತದೆ. ಪ್ರತಿ ಪ್ರಕಾರದಿಂದ ಒಂದನ್ನು ಶಿಕ್ಷಕರು ಆರಿಸಿಕೊಳ್ಳುತ್ತಾರೆ. ಅಲ್ಲಿ ಬೋಧಿಸುವುದು ಆಯ್ದ ತುಣುಕುಗಳನ್ನಷ್ಟೇ ಅಲ್ಲ, ಇಡೀ ಕೃತಿಯನ್ನು ಎಂಬುದು ಗಮನಾರ್ಹ.

ನಾಲ್ಕು ಗಂಟೆಗಳ ಲಿಖಿತ ಪರೀಕ್ಷೆಯಲ್ಲಿ ಮೊದಲು ಓದಿರದ ಬರಹದ ಭಾಗವೊಂದರ ವಿಶ್ಲೇಷಣೆಯನ್ನಾಗಲಿ, ಓದಿದ ಕೃತಿಯನ್ನು ಕುರಿತ ಪ್ರಬಂಧವನ್ನಾಗಲಿ ಬರೆಯಬೇಕು. ಇದಲ್ಲದೆ ಮೌಖಿಕ ಪರೀಕ್ಷೆಯೂ ಉಂಟು. ತರಗತಿಯಲ್ಲಿ ಓದಿದ ಭಾಗವೊಂದನ್ನು ಪರೀಕ್ಷಕರು ಸೂಚಿಸುತ್ತಾರೆ. ವಿದ್ಯಾರ್ಥಿಯು 30 ನಿಮಿಷ ಸಿದ್ಧತೆ ನಡೆಸಿ, ಅದನ್ನು ಗಟ್ಟಿಯಾಗಿ ಓದಿ, ಸಾಲು ಸಾಲಾಗಿ ವಿವರಿಸಬೇಕು. ಮೊದಲೇ ಪರಿಚಿತವಾದ ಭಾಗವಾದ್ದರಿಂದ ವಿವರಣೆಯನ್ನು ಬಾಯಿಪಾಠ ಮಾಡಲು ಅವಕಾಶವಿದೆ. ಆದರೆ ಅನಂತರ ತಾನೇ ಆರಿಸಿದ ಕೃತಿಯೊಂದರ ಕುರಿತು ಪರೀಕ್ಷಕರೊಂದಿಗೆ ಮಾತನಾಡುವಾಗ ಬಾಯಿಪಾಠವೊಂದೇ ಸಾಲದು.

ಇಂಗ್ಲೆಂಡ್: ಪುಸ್ತಕವಿಲ್ಲದ ಪರೀಕ್ಷೆ

ಇಂಗ್ಲೆಂಡಿನಲ್ಲಿ 16ನೇ ವಯಸ್ಸಿನ ಸುಮಾರಿಗೆ ಬರೆಯುವ ಜಿಸಿಎಸ್‌ಇ ಸಾಹಿತ್ಯ ಪರೀಕ್ಷೆಗೆ ಷೇಕ್ಸ್‌ಪಿಯರನ ಒಂದು ನಾಟಕ, 19ನೇ ಶತಮಾನದ ಒಂದು ಕಾದಂಬರಿ, 1789ರಿಂದೀಚಿನ ಕವಿತೆಗಳು ಹಾಗೂ 1914ರ ನಂತರದ ಬ್ರಿಟಿಷ್ ದ್ವೀಪಗಳ ಕಥನ ಅಥವಾ ನಾಟಕವನ್ನು ಗೊತ್ತುಪಡಿಸಲಾಗಿದೆ. ಪರೀಕ್ಷಾ ಮಂಡಳಿಗಳು ಪ್ರಕಟಿಸುವ ಪಟ್ಟಿಯಿಂದ ಶಾಲೆಗಳು ಕೃತಿಗಳನ್ನು ಆರಿಸುತ್ತವೆ. 2014ರಲ್ಲಿ ಈ ನಿಯಮದಿಂದಾಗಿ ಸ್ಟೈನ್‌ಬೆಕ್, ಹಾರ್ಪರ್ ಲೀ ಮುಂತಾದ ಅಮೆರಿಕನ್ ಲೇಖಕರ ಜನಪ್ರಿಯ ಕಾದಂಬರಿಗಳು ಪಟ್ಟಿಯಿಂದ ಹೊರಬಿದ್ದಾಗ ದೊಡ್ಡ ವಾಗ್ವಾದವೇ ನಡೆದಿತ್ತು.

2017ರಿಂದ ನಡೆಯುತ್ತಿರುವ ಈ ಹೊಸ ಪರೀಕ್ಷೆಗೆ ಪುಸ್ತಕ ಒಯ್ಯುವಂತಿಲ್ಲ. ಆದ್ದರಿಂದ ಮುಖ್ಯ ಸಾಲುಗಳನ್ನು ಉರು ಹೊಡೆಯುವುದು ಅಲ್ಲಿಯೂ ತಪ್ಪಿಲ್ಲ. ಆದರೆ ಪ್ರಶ್ನೆಪತ್ರಿಕೆಯಲ್ಲಿ ಓದಿರದ ಕವಿತೆಯೊಂದು ಕಡ್ಡಾಯವಾಗಿರುತ್ತದೆ. ಅದಕ್ಕೆ ಯಾವ ಗೈಡ್‌ನಲ್ಲಿಯೂ ಸಿದ್ಧ ಉತ್ತರ ದೊರೆಯದು.

ಫಿನ್ಲೆಂಡ್: ಶಿಕ್ಷಕರ ಆಯ್ಕೆ

ಫಿನ್ಲೆಂಡಿನಲ್ಲಿ ಈ ವಿಷಯಕ್ಕೆ 'ಮಾತೃಭಾಷೆ ಮತ್ತು ಸಾಹಿತ್ಯ' ಎಂದೇ ಹೆಸರು. ಕಡ್ಡಾಯ ಕೃತಿಗಳ ರಾಷ್ಟ್ರೀಯ ಪಟ್ಟಿ ಇಲ್ಲ. ಪುಸ್ತಕಗಳ ಆಯ್ಕೆ ಶಿಕ್ಷಕರದು. ಪಿಯುಸಿಗೆ ಸಮನಾದ ಹಂತದ ಅಂತಿಮ ಪರೀಕ್ಷೆಯಲ್ಲಿ ಓದುವ ಸಾಮರ್ಥ್ಯಕ್ಕೊಂದು, ಬರೆಯುವ ಸಾಮರ್ಥ್ಯಕ್ಕೊಂದು ಪತ್ರಿಕೆ. 2018ರಿಂದ ಎರಡನ್ನೂ ಕಂಪ್ಯೂಟರಿನಲ್ಲಿಯೇ ಬರೆಯಬೇಕು. ಪರೀಕ್ಷೆಯ ಸಮಯದಲ್ಲಿಯೇ ಪಠ್ಯಸಾಮಗ್ರಿ ಒದಗಿಸಿ ವಿಶ್ಲೇಷಿಸಲು ಕೇಳಲಾಗುತ್ತದೆ.

ಹಾಗೆಂದು ಸ್ವಾತಂತ್ರ್ಯವೊಂದೇ ಓದುಗರನ್ನು ಸೃಷ್ಟಿಸಲಾರದು. 15 ವರ್ಷದ ಮಕ್ಕಳ ಓದಿನ ಸಾಮರ್ಥ್ಯ ಅಳೆಯುವ ಅಂತರರಾಷ್ಟ್ರೀಯ 'ಪಿಸಾ' ಸಮೀಕ್ಷೆಯಲ್ಲಿ 2000ದಲ್ಲಿ 546 ಅಂಕ ಗಳಿಸಿ ಅಗ್ರಸ್ಥಾನದಲ್ಲಿದ್ದ ಫಿನ್ಲೆಂಡ್, 2022ರಲ್ಲಿ 490ಕ್ಕೆ ಇಳಿದಿತ್ತು.

ನಮ್ಮ ಎಸ್ಸೆಸ್ಸೆಲ್ಸಿ

ಕರ್ನಾಟಕದ ಪ್ರಥಮ ಭಾಷೆ ಕನ್ನಡದ ಪಠ್ಯದಲ್ಲಿ ವೈವಿಧ್ಯಕ್ಕೆ ಕೊರತೆಯಿಲ್ಲ. ರನ್ನ, ಕುಮಾರವ್ಯಾಸ, ಲಕ್ಷ್ಮೀಶರ ಕಾವ್ಯಭಾಗಗಳಿಂದ ಆಧುನಿಕ ಗದ್ಯದವರೆಗೆ ಹಲವು ಶತಮಾನಗಳ ಕನ್ನಡವನ್ನು ಹತ್ತನೇ ತರಗತಿಯ ವಿದ್ಯಾರ್ಥಿ ಒಂದೇ ಪುಸ್ತಕದಲ್ಲಿ ಕಾಣುತ್ತಾನೆ. ಆದರೆ ಅವೆಲ್ಲ ಬಹುಪಾಲು ಆಯ್ದ ಭಾಗಗಳು. ಆಯ್ಕೆ ಸರ್ಕಾರದ್ದು, ಶಿಕ್ಷಕರಿಗೆ ಅದರಲ್ಲಿ ಪಾತ್ರವಿಲ್ಲ. 2022ರ ಪಠ್ಯಪುಸ್ತಕ ಪರಿಷ್ಕರಣೆ, 2023ರ ತಿದ್ದುಪಡಿಗಳ ಸಂದರ್ಭದಲ್ಲಿ ಯಾವ ಪಾಠ ಇರಬೇಕು, ಯಾವುದು ಹೋಗಬೇಕು ಎಂಬ ವಿವಾದ ಕಾವೇರಿತ್ತು. ಆ ಪಾಠವನ್ನು ಹೇಗೆ ಕಲಿಸಬೇಕು ಎಂಬ ಚರ್ಚೆ ಮಾತ್ರ ಹಿಂದೆ ಸರಿಯಿತು.

ಸಂದರ್ಭ ಸಹಿತ ಸ್ವಾರಸ್ಯ, ಕವಿ ಪರಿಚಯ, ಪದ್ಯಪೂರಣ, ಸಾರಾಂಶ: ನಮ್ಮ ಪ್ರಶ್ನೆಪತ್ರಿಕೆಯ ಈ ಪರಿಚಿತ ರೂಪಗಳು ಪಾಠವನ್ನು ಓದಿದ್ದಾರೆಯೇ ಎಂಬುದನ್ನು ಪರೀಕ್ಷಿಸುತ್ತವೆ. ಓದಿರದ ಗದ್ಯಭಾಗವೊಂದು ಇದ್ದರೂ ಅದರ ಗುರಿ ವಿಷಯಗ್ರಹಿಕೆಗೆ ಸೀಮಿತ. ಹೀಗಾಗಿ ಗೈಡ್‌ಗಳೂ 'ಪಾಸಿಂಗ್ ಪ್ಯಾಕೇಜ್'ಗಳೂ ಪಠ್ಯದ ಸ್ಥಾನವನ್ನು ಆಕ್ರಮಿಸುತ್ತವೆ. ಮನೆಯಲ್ಲಿ ಪುಸ್ತಕಗಳೇ ಇಲ್ಲದ ಮಕ್ಕಳಿಗೆ ನಿರೀಕ್ಷಿತ ಪ್ರಶ್ನೆಗಳು ಆಸರೆಯಾಗುತ್ತವೆ ಎಂಬುದೂ ನಿಜವೇ. ಕಂಠಪಾಠವಾದ ಪದ್ಯ ಜೀವನಪರ್ಯಂತ ನೆನಪಿನಲ್ಲಿ ಉಳಿಯುವುದೂ ಸಣ್ಣ ಲಾಭವೇನಲ್ಲ.

ಆದರೆ ಅಂತಹ ಮಕ್ಕಳಿಗೆ ಸಾಹಿತ್ಯದ ಪರಿಚಯವಾಗುವ ಏಕೈಕ ಸ್ಥಳ ಶಾಲೆ. ಹತ್ತನೇ ತರಗತಿ ಮುಗಿಸಿದ ಬಳಿಕ ಯಾರ ಸಹಾಯವೂ ಇಲ್ಲದೆ ಹೊಸ ಕವಿತೆಯೊಂದನ್ನು ಓದಿ ತಮ್ಮದೇ ಅಭಿಪ್ರಾಯ ಹೇಳಲು ಅವರು ಶಕ್ತರಾಗಿದ್ದಾರೆಯೇ? ಇದನ್ನು ತಿಳಿಯಲು ಪಠ್ಯಪುಸ್ತಕವನ್ನು ಮತ್ತೆ ಬದಲಿಸಬೇಕಾಗಿಲ್ಲ. ಪ್ರಶ್ನೆಪತ್ರಿಕೆಯಲ್ಲಿ ಓದಿರದ ಒಂದು ಸರಳ ಕವಿತೆಗೆ, ಒಂದಕ್ಕಿಂತ ಹೆಚ್ಚು ಸರಿಯುತ್ತರಗಳಿರಬಹುದಾದ ಒಂದು ಪ್ರಶ್ನೆಗೆ ಸ್ಥಳ ದೊರೆತರೂ ಸಾಕು; ಪಾಠದ ದಿಕ್ಕು ತಾನಾಗಿಯೇ ಬದಲಾದೀತು.