ಕೋಶದೊಳಗೆ ಹೊಳೆಯುವ ಬಣ್ಣ, ಕಾಣಿಸುವ ಕಾಯಿಲೆ

ಮೀನು, ಮೊಟ್ಟೆ, ಬೇಳೆ ಏನೇ ತಿಂದರೂ ಅದರ ಪ್ರೋಟೀನ್ ಹೊಟ್ಟೆಯಲ್ಲಿ ಒಡೆದು ಅಮೈನೋ ಆಮ್ಲಗಳಾಗುತ್ತದೆ. ಅವುಗಳಲ್ಲೊಂದು ಮೆಥಿಯೋನಿನ್. ಅದರಿಂದ ದೇಹದಲ್ಲಿ ಹೋಮೋಸಿಸ್ಟೀನ್ ಆಗುತ್ತದೆ, ಅದು ಮುಂದೆ ಸಿಸ್ಟೀನ್ ಆಗಿ ಬದಲಾಗಬೇಕು. ಕೆಲವು ಮಕ್ಕಳಲ್ಲಿ ಈ ಕೆಲಸ ಮಾಡುವ ಕಿಣ್ವ ಹುಟ್ಟಿನಿಂದಲೇ ಸರಿ ಇರುವುದಿಲ್ಲ. ಹೋಮೋಸಿಸ್ಟೀನ್ ರಕ್ತದಲ್ಲಿ ತುಂಬಿಕೊಳ್ಳುತ್ತದೆ. ಚಿಕಿತ್ಸೆ ಸಿಗದಿದ್ದರೆ ಕಣ್ಣಿನ ಮಸೂರ ಜಾರಬಹುದು, ಮೂಳೆ ಸವೆಯಬಹುದು, ಕಲಿಕೆ ಹಿಂದೆ ಬೀಳಬಹುದು, ರಕ್ತ ಹೆಪ್ಪುಗಟ್ಟಬಹುದು. ಇದೇ ಹೋಮೋಸಿಸ್ಟಿನೂರಿಯಾ.

ಇಂಥ ಆಮ್ಲಗಳನ್ನು ಜೀವ ಇರುವ ಕೋಶದೊಳಗೇ ನೋಡಲು ವಿಜ್ಞಾನಿಗಳು ಫ್ಲೋರೊಸೆಂಟ್ ಪ್ರೋಬ್ ಎಂಬ ಬಣ್ಣದ ಅಣುಗಳನ್ನು ಮಾಡಿದ್ದಾರೆ. ಕೋಶವನ್ನು ಒಡೆಯಬೇಕಾಗಿಲ್ಲ. ಬಣ್ಣಕ್ಕೆ ಒಂದು ರಾಸಾಯನಿಕ ಮುಚ್ಚಳ ಹಾಕಿರುತ್ತಾರೆ. ಮುಚ್ಚಳ ಇರೋವರೆಗೆ ಅದು ಹೊಳೆಯುವುದಿಲ್ಲ. ಹುಡುಕುವ ಆಮ್ಲ ಬಂದು ಮುಚ್ಚಳ ಕಳಚಿದರೆ ಸೂಕ್ಷ್ಮದರ್ಶಕದ ಬೆಳಕಿಗೆ ಹೊಳೆಯುತ್ತದೆ.

ಕಷ್ಟ ಇರೋದು ಗುರುತಿಸುವುದರಲ್ಲಿ. ಸಿಸ್ಟೀನ್ ಮತ್ತು ಹೋಮೋಸಿಸ್ಟೀನ್ ಅವಳಿಗಳಂತೆ, ವ್ಯತ್ಯಾಸ ಒಂದೇ ಇಂಗಾಲದ ಕೊಂಡಿ. 2011ರಲ್ಲಿ ಅಮೆರಿಕದ ರಾಬರ್ಟ್ ಸ್ಟ್ರಾಂಗಿನ್ ತಂಡ ಅಕ್ರಿಲೇಟ್ ಎಂಬ ಮುಚ್ಚಳ ಬಳಸಿತು. ಅದನ್ನು ಕಳಚುವಾಗ ಸಿಸ್ಟೀನ್ ಏಳು ಪರಮಾಣುಗಳ ಉಂಗುರವಾಗುತ್ತದೆ, ಹೋಮೋಸಿಸ್ಟೀನ್ ಎಂಟರದ್ದು. ಏಳರ ಉಂಗುರ ಬೇಗ ಕೂಡಿಕೊಳ್ಳುತ್ತದೆ. ಆ ವೇಗ ನೋಡಿಯೇ ಯಾವುದು ಯಾರು ಎಂದು ಹೇಳಬಹುದು.

ಈ ಪ್ರೋಬ್‌ಗಳು ಸಂಶೋಧನೆಯ ಸಾಧನಗಳು. ಮಕ್ಕಳಲ್ಲಿ ಕಾಯಿಲೆ ಹಿಡಿಯಲು ಹುಟ್ಟಿದ ಕೆಲವೇ ದಿನಗಳಲ್ಲಿ ಹಿಮ್ಮಡಿಯಿಂದ ತೆಗೆದ ರಕ್ತದ ಹನಿ ಸಾಕು. ನಮ್ಮವರು ಅನೇಕರು ದುಡಿಯುವ ಕತಾರ್‌ನಲ್ಲಿ ಈ ಕಾಯಿಲೆ ಸುಮಾರು 1,800 ಶಿಶುಗಳಲ್ಲಿ ಒಂದಕ್ಕೆ ಎಂದು ವರದಿಯಾಗಿದೆ. ಅಲ್ಲಿ ನವಜಾತ ಶಿಶುಗಳ ತಪಾಸಣೆಯಲ್ಲಿ ಇದನ್ನೂ ನೋಡುತ್ತಾರೆ. ಬೇಗ ಗೊತ್ತಾದರೆ ಬಿ6 ವಿಟಮಿನ್, ಪಥ್ಯ, ಬೀಟೈನ್ ಔಷಧದಿಂದ ಹೆಚ್ಚಿನ ಹಾನಿ ತಡೆಯಬಹುದು.

ತಂದೆ, ತಾಯಿ ಇಬ್ಬರಲ್ಲೂ ದೋಷವಿರುವ ಜೀನ್ ಇದ್ದರೆ ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಒಂದೇ ಮನೆತನದಲ್ಲಿ ಮದುವೆಯಾದರೆ ಇಬ್ಬರಲ್ಲೂ ಅದು ಇರುವ ಸಂಭವ ಹೆಚ್ಚು. ಚಿಕ್ಕಪ್ಪ, ಮಾವಂದಿರ ಮಕ್ಕಳ ನಿಕಾಹ್ ದೀನಿನಲ್ಲಿ ಹಲಾಲ್, ಆದರೆ ಕಡ್ಡಾಯವೇನಲ್ಲ. ಕುಟುಂಬದಲ್ಲಿ ಕಾರಣ ತಿಳಿಯದೆ ಮಗು ತೀರಿಹೋಗಿದ್ದರೆ ಅಥವಾ ಎಳೆಯರ ಕಣ್ಣಿನ ಮಸೂರ ಜಾರಿದ್ದರೆ, ನಿಕಾಹ್‌ಗೆ ಮೊದಲೇ ವೈದ್ಯರಲ್ಲಿ ಹೇಳೋಣ. ಮಗು ಹುಟ್ಟಿದಾಗ ರಕ್ತಪರೀಕ್ಷೆ ಕೇಳಿ ಮಾಡಿಸೋಣ. ತವಕ್ಕುಲ್ ಅಂದರೆ ಕೈಕಟ್ಟಿ ಕೂರುವುದಲ್ಲ. ಕೈಲಾದ್ದನ್ನು ಮಾಡಿ, ಉಳಿದದ್ದನ್ನು ಅಲ್ಲಾಹನಿಗೆ ಒಪ್ಪಿಸುವುದು.